ಕಪ್ಪು ಐದರಿಂದ ಬಿಳಿ ನಾಲ್ಕಕ್ಕೆ

ಮೊನ್ನೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸೌತೆಕಾಯಿ ಮಾರುವ ಹೆಣ್ಣುಮಗಳೊಬ್ಬಳು ಬುಟ್ಟಿಯ ಪಕ್ಕದಲ್ಲಿದ್ದ ಪುಟ್ಟ ಬ್ಲೂಟೂತ್ ಸ್ಪೀಕರಿನ ಗುಂಡಿ ಒತ್ತಿದಳು. ಅದು 'ಟುಣುಂಗ್' ಅಂದಿತು, ಅಷ್ಟೆ. ಹಾಡು ಇನ್ನೂ ಶುರುವೇ ಆಗಿರಲಿಲ್ಲ, ನನ್ನ ಮೈ ಜುಮ್ಮೆಂದಿತು. ಯಂತ್ರದ ಸದ್ದಿಗೂ ಬಾಲ್ಯ ನೆನಪಾಗುತ್ತದೆಯೇ ಎಂದು ನೀವು ಕೇಳಬಹುದು. ನೆನಪೆಂದರೆ ಬೀಸುಕಲ್ಲು, ಒನಕೆ, ಅಜ್ಜಿಯ ಸಂದೂಕದ ವಾಸನೆ ಎಂದು ಯಾರೋ ನಿಯಮ ಮಾಡಿಟ್ಟಿದ್ದಾರೆ. ನಾನದನ್ನು ಒಪ್ಪುವುದಿಲ್ಲ. ನನ್ನ ಬಾಲ್ಯ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಅದಕ್ಕೆ ನಾನೇನು ಮಾಡಲಿ? ಆ ಟುಣುಂಗ್ ಕೇಳಿದರೆ ಸಾಕು, ನಮ್ಮ ಶಾಲೆಯ ಐದೂ ತರಗತಿಯ ಮಕ್ಕಳು ಒಂದೇ ಕೋಣೆಯೊಳಗೆ ನುಗ್ಗಿ, ಒಬ್ಬರ ಹೆಗಲ ಮೇಲೊಬ್ಬರು ಗದ್ದವೂರಿ ಕೂತುಬಿಡುತ್ತಿದ್ದೆವು. ಗಣಿತದ ಪಿರಿಯಡ್ಡಿಗೆ ಹಾಗೆ ಓಡಿ ಬಂದ ಒಂದು ಮಗುವನ್ನು ತೋರಿಸಿ, ನಾನು ಸೋತೆನೆಂದು ಒಪ್ಪಿಕೊಳ್ಳುತ್ತೇನೆ.

ಶಾಲೆಯಲ್ಲಿ ಹಾಗೆ ಟುಣುಂಗ್ ಅನ್ನುತ್ತಿದ್ದ ಸ್ಪೀಕರು ನಮ್ಮ ಶಾರದತ್ತಿಯದು, ಅಂದರೆ ಅಪ್ಪನ ಅಕ್ಕನದು. ಅಪ್ಪ ಅವ್ವ ಕಂಪ್ಲಿಯ ಅಕ್ಕಿ ಗಿರಣಿಯ ಕೆಲಸದಲ್ಲಿದ್ದರು, ನಾನು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ತಾತ ಮತ್ತು ಅತ್ತಿಯ ಜೊತೆ ಬೆಳೆದೆ. ತಾತ ಡ್ಯಾಮಿನ ಗೇಟುಗಳ ಕೆಲಸದವನು. ಅವನು ಒಳಗೆ ಬಂದರೆ ಗ್ರೀಸಿನ ವಾಸನೆಯೂ ಬರುತ್ತಿತ್ತು. ಅದರ ಜೊತೆಗೆ ಒಗ್ಗರಣಿ ಮಂಡಕ್ಕಿಯ ಹಸಿಮೆಣಸಿನ ಘಾಟು, ಅತ್ತಿ ತಲೆಗೆ ಹಚ್ಚುತ್ತಿದ್ದ ಸೀಗೆಪುಡಿಯ ಕಂಪು, ಎಲ್ಲ ಕಲೆತು ಮನೆಗೊಂದು ಗಟ್ಟಿ ಗಾಳಿ ಇತ್ತು. ಎರಡು ಕೋಣೆ, ದಪ್ಪ ಕಲ್ಲಿನ ಗೋಡೆ, ಮಧ್ಯಾಹ್ನದಲ್ಲೂ ತಂಪಾದ ನೆಲ. ನಾನು ಮಾತುಮಾತಿಗೂ 'ಯಾಕೆ' ಎಂದು ಎದುರು ನಿಲ್ಲುತ್ತಿದ್ದೆ. "ಲೇ ವಕೀಲಿ, ಮೊದ್ಲು ಉಣ್ಣು, ಆಮ್ಯಾಲೆ ಕೋರ್ಟ್ ಹಚ್ಚು," ಎಂದು ತಾತ ತಟ್ಟೆ ಮುಂದೆ ದೂಡುತ್ತಿದ್ದ. ಪಾಪಿನಾಯಕನಹಳ್ಳಿ ದಾಟಿದ ಮೇಲಿನ ಒಂದು ಸಣ್ಣ ಶಾಲೆಯಲ್ಲಿ ಅತ್ತಿ ಹಾಡಿನ ಅತಿಥಿ ಶಿಕ್ಷಕಿ. ನಾನು ಓದುತ್ತಿದ್ದದ್ದೂ ಅಲ್ಲೇ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಸ್ಪೀಕರನ್ನು ಮಡಿಲಲ್ಲಿಟ್ಟುಕೊಳ್ಳುವ ಹಕ್ಕು ನನ್ನದು.

ನಾನು ಐದನೆಯ ತರಗತಿಯಲ್ಲಿದ್ದಾಗ ಅತ್ತಿಯ ಗಂಟಲಲ್ಲಿ ಗಂಟಾಯಿತು. ಆಪರೇಷನ್ ಆದ ಮೇಲೆ ಡಾಕ್ಟರು ಎರಡು ತಿಂಗಳು ತುಟಿ ಬಿಚ್ಚಬಾರದೆಂದರು. ಹಾಡಿನ ಟೀಚರು ಮೂಕಿಯಾಗಿ, ಕೊರಳಿಗೊಂದು ಸ್ಲೇಟು ತೂಗುಹಾಕಿಕೊಂಡು ಶಾಲೆಗೆ ಬಂದಳು. ಪುಣ್ಯಕ್ಕೆ ಹಿಂದಿನ ಮಳೆಗಾಲದಲ್ಲಿ, ದನಿ ಚೆನ್ನಾಗಿದ್ದಾಗ, ತಾನೇ ಕಟ್ಟಿದ ಒಂದು ಹಾಡನ್ನು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಹಾಡಿಟ್ಟಿದ್ದಳು: 'ಬಾರೆ ತುಂಗೆ, ಭದ್ರೆಯ ತಂಗೀ, ಸಸಿಯ ಮಡಿಲಿಗೆ ಬಾ.' ಆದರೆ ಎರಡನೆಯ ನುಡಿಗೆ ಮುಂಚೆ ಡ್ಯಾಮಿನ ಸೈರನ್ ಕೂಗಿ, ಅತ್ತಿ ನಿಂತು, ಹಿಂದಿನಿಂದ ತಾತ "ನೀರ್ ಬಿಟ್ರು ನೋಡ ಶಾರೀ!" ಎಂದು ಒದರಿದ್ದೂ ಅದರೊಳಗೆ ಸೇರಿಕೊಂಡಿತ್ತು. ಮಕ್ಕಳು ಅದನ್ನೂ ಕಲಿತರು! ಸೈರನ್ನಿನಷ್ಟು ಹೊತ್ತು ಉಸಿರು ಬಿಗಿಹಿಡಿದು, ಆಮೇಲೆ ಎಲ್ಲರೂ ಒಂದೇ ಕೊರಳಲ್ಲಿ "ನೀರ್ ಬಿಟ್ರು ನೋಡ ಶಾರೀ!" ಎನ್ನುತ್ತಿದ್ದರು. ಅದು ಹಾಡಲ್ಲ, ನಮ್ಮ ತಾತನ ಮಾತು ಎಂದು ನಾನು ಎದ್ದು ವಾದಿಸಿದೆ. "ಮಿಶಿನ್ನಾಗ ಐತಲ್ಲ! ಮಿಶಿನ್ನಾಗ ಇದ್ದದ್ದೇ ಹಾಡು," ಎಂದಳು ಹುಲಿಗೆಮ್ಮ ಎಂಬ ಮೂರನೆಯ ಕ್ಲಾಸಿನ ಹುಡುಗಿ. ಟೀಚರನ್ನು 'ಶಾರೀ' ಎಂದು ಕರೆಯುವ ಭಾಗ್ಯವನ್ನು ಯಾರು ಬಿಟ್ಟುಕೊಟ್ಟಾರು? ಅತ್ತಿ ನಗು ತಡೆಯಲಾರದೆ ಸ್ಲೇಟಿನ ಮೇಲೆ 'ಇರಲಿ' ಎಂದು ಬರೆದಳು. ಮನೆಯಲ್ಲಿ ತಾತ ಮಾತ್ರ, "ಹಂಗಾರ ನಾನೂ ಹಾಡುಗಾರ ಆದ್ನಲ್ಲೇ," ಎಂದು ಮೀಸೆ ತಿರುವಿದ.

ಎರಡು ತಿಂಗಳ ನಂತರ ಅತ್ತಿಗೆ ದನಿ ಬಂತು. ಆದರೆ ಅದು ಅವಳ ದನಿಯಾಗಿರಲಿಲ್ಲ. ತಗ್ಗಿನ, ಒರಟು, ಜೋಳದ ದಂಟನ್ನು ಕಲ್ಲಿಗೆ ಉಜ್ಜಿದಂಥ ದನಿ. ಮೊದಲ ದಿನ ಸ್ಪೀಕರ್ ಮುಚ್ಚಿಟ್ಟು ತಾನೇ ಹಾಡಿದಳು. ಮಕ್ಕಳು ರೂಢಿಯ ಎತ್ತರದಲ್ಲೇ ಶುರುಮಾಡಿದರು, ಇವಳು ಕೆಳಗೆ. ಹಾಡು ಎರಡು ಹೋಳಾಯಿತು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಹುಲಿಗೆಮ್ಮ ಮೆಲ್ಲಗೆ, "ಟೀಚರ್, ಮಿಶಿನ್ನೇ ಹಚ್ರಿ," ಎಂದಳು. ಅತ್ತಿ ಹಚ್ಚಿದಳು. ತನ್ನದೇ ಹಳೆಯ ದನಿಗೆ ಜಾಗ ಬಿಟ್ಟು ಕಿಟಕಿಗೆ ಹೋಗಿ ನಿಂತಳು. ಅದನ್ನೆಲ್ಲ ಬಾಗಿಲಲ್ಲಿ ನೋಡಿದ ಹೆಡ್ ಮಾಸ್ತರು, "ತಪ್ಪು ತಿಳೀಬ್ಯಾಡ್ರಿ ಟೀಚರ್, ಮಿಶಿನ್ ಹಚ್ಚಾಕ ಒಬ್ರು ಟೀಚರ್ ಯಾಕ್ರಿ? ದೀಪಾವಳಿ ಸೂಟಿ ತನಕ ನೋಡ್ತೀನಿ. ಆಮ್ಯಾಲೆ ಈ ಪಿರಿಯಡ್ ಗಣಿತಕ್ಕ," ಎಂದರು. ಅತ್ತಿಯ ಪಾಲಿಗೆ ಆ ಪಿರಿಯಡ್ ಹೋದರೆ ಶಾಲೆಯೇ ಹೋದಂತೆ. ಅವತ್ತು ಅವಳು ಮನೆಗೆ ಬಂದು ಹಾರ್ಮೋನಿಯಂ ಮೇಲೆ ಹಳೆಯ ಶ್ರುತಿ ಮುಟ್ಟಿದಳು, ಕಪ್ಪು ಐದು, ಅಂದರೆ ಐದನೆಯ ಕಪ್ಪು ಮನೆ. ದನಿ ಏರಲಿಲ್ಲ. ಒಂದೊಂದೇ ಮನೆ ಇಳಿಯುತ್ತಾ ಬಂದು ಬಿಳಿ ನಾಲ್ಕರಲ್ಲಿ ಕೂತಳು. ಐದು ಮೆಟ್ಟಿಲು ಕೆಳಗೆ.

ಐದೇ ಮೆಟ್ಟಿಲು! ನನ್ನ ತಲೆ ಓಡತೊಡಗಿತು. ಹಾಡು ಹಚ್ಚಲು ಅತ್ತಿ ನನ್ನ ಕೈಗೆ ಕೊಡುತ್ತಿದ್ದ ಮೊಬೈಲಿನ ಆ್ಯಪಿನಲ್ಲಿ ಶ್ರುತಿ ಏರಿಸಿ ಇಳಿಸುವ ಒಂದು ಗೆರೆ ಇತ್ತು; ಬೆರಳಿನಿಂದ ಎಳೆದರೆ ತಾಳ ಕೆಡದೆ ಹಾಡು ತಗ್ಗುತ್ತಿತ್ತು. ಸೂಟಿಗೆ ಆರು ವಾರವಿತ್ತು. ಮಿಶಿನ್ನಿನಲ್ಲಿ ಇದ್ದದ್ದೇ ಹಾಡು ತಾನೆ? ಸರಿ, ಅವರ ಸಾಕ್ಷಿಯಿಂದಲೇ ಕೇಸು ಗೆಲ್ಲೋಣ ಎಂದು, ಅತ್ತಿಗೂ ಹೇಳದೆ, ವಾರಕ್ಕೊಂದು ಮೆಟ್ಟಿಲು ಇಳಿಸಿ, ಪ್ರತಿಯೊಂದನ್ನೂ ಬೇರೆ ಕಡತವಾಗಿ ಉಳಿಸುತ್ತಾ ಬಂದೆ. ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ವಾರ ಮಾತ್ರ ಹುಲಿಗೆಮ್ಮ ಹುಬ್ಬು ಗಂಟಿಕ್ಕಿ, "ಮಿಶಿನ್ನಿಗೆ ನೆಗಡಿ ಆಗೈತೇನ್ರೀ?" ಎಂದಳು. ಐದನೆಯ ವಾರಕ್ಕೆ ಸೈರನ್ ಎಮ್ಮೆ ಕೂಗಿದಂತೆ, ತಾತನ ದನಿ ಬಯಲಾಟದ ರಾಕ್ಷಸನಂತೆ ಕೇಳುತ್ತಿತ್ತು. ಮಕ್ಕಳೂ ಗಂಟಲು ದಪ್ಪ ಮಾಡಿ ಅಬ್ಬರಿಸುತ್ತಿದ್ದರು.

ಸೂಟಿಯ ಹಿಂದಿನ ದಿನ ಹೆಡ್ ಮಾಸ್ತರು ಗಣಿತದ ಚಾರ್ಟ್ ಸುತ್ತಿ ಹಿಡಿದುಕೊಂಡೇ ಬಂದರು. ಹಾಡು ಶುರುವಾಯಿತು. ಸೈರನ್ ಮೊಳಗಿತು, ಮಕ್ಕಳು ಉಸಿರು ಹಿಡಿದರು. ನಾನು ಅಂಗೈಯಲ್ಲಿದ್ದ ಮೊಬೈಲ್ ಆರಿಸಿಬಿಟ್ಟೆ. "ನೀರ್ ಬಿಟ್ರು ನೋಡ ಶಾರೀ!" ಎಂದು ಮಕ್ಕಳು ಗರ್ಜಿಸಿದರು. ಮುಂದೆ ಅತ್ತಿಯ ದನಿ ಬರಬೇಕು, ಬರಲಿಲ್ಲ. ಎಲ್ಲರೂ ಸ್ಪೀಕರನ್ನೇ ನೋಡಿದರು. ಆಗ ಕಿಟಕಿಯ ಕಡೆಯಿಂದ ಆ ಒರಟು ದನಿ ಹೊರಟಿತು: 'ಹಸಿರಿನ ಸೀರೆಯ ಸೆರಗನು ಹಿಡಿದು...' ಮಕ್ಕಳ ಕೊರಳಿದ್ದ ಜಾಗಕ್ಕೇ ಬಂದು ಕೂತಿತು. ಅವರೂ ಸೇರಿಕೊಂಡರು, ನಿಲ್ಲಲೇ ಇಲ್ಲ. ಹಾಡು ಮುಗಿದಾಗ ಹುಲಿಗೆಮ್ಮ ಬಾಯಿ ಬಿಟ್ಟುಕೊಂಡು, "ಟೀಚರ್, ಮಿಶಿನ್ ನಿಮ್ಮೊಳಗ ಹೋತೇನ್ರೀ?" ಎಂದಳು. ಹೆಡ್ ಮಾಸ್ತರು ಚಾರ್ಟನ್ನು ಕಂಕುಳಿಗೆ ಸಿಕ್ಕಿಸಿ, "ಗಣಿತಕ್ಕ ಬ್ಯಾರೆ ಟೈಮ್ ನೋಡೋಣ್ರಿ," ಎಂದು ಹೊರಟರು. ಅತ್ತಿ ನನ್ನ ಕಿವಿ ಹಿಂಡಿದಳು, ಬಿಡುವುದನ್ನೇ ಮರೆತಳು.

ಆಮೇಲೆ ಹಲವು ವರ್ಷ ಅವಳು ಆ ದನಿಯಲ್ಲೇ ಕಲಿಸಿದಳು. ತಾತ ಹೋದ, ಕ್ವಾರ್ಟರ್ಸನ್ನು ಕೆಡವಿದರು, ಹೋದ ವರ್ಷ ಅತ್ತಿಯೂ ಹೋದಳು. ಅವಳು ಕಳೆದುಕೊಂಡ ದನಿ ಈಗಲೂ ನನ್ನ ಹತ್ತಿರ ಇದೆ, ಶ್ರುತಿ ಬದಲಾಯಿಸಿದ ಐದೂ ಕಡತಗಳ ಸಮೇತ. ಕಪ್ಪು ಐದಿದೆ, ನಡುವಿನ ಎಲ್ಲ ಮೆಟ್ಟಿಲೂ ಇವೆ. ಅವಳು ನಿಜವಾಗಿ ಬದುಕಿದ ದನಿ, ನನ್ನನ್ನು ಉಣ್ಣಲು ಕರೆದ, ನೂರಾರು ಮಕ್ಕಳಿಗೆ ಹಾಡು ಕೊಟ್ಟ ಆ ಒರಟು ದನಿ ಮಾತ್ರ ಎಲ್ಲೂ ಇಲ್ಲ. ಕೈಯಲ್ಲೇ ಮೊಬೈಲ್ ಇತ್ತು. ದಿನಾ ಕೇಳುತ್ತಿದ್ದೆವಲ್ಲ, ಅದನ್ನು ಹಿಡಿದಿಡಬೇಕೆಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ.