ಕಂಡಕ್ಟರನ ರೈಟು, ಮಗಳ ರೈಟು

ಮೊನ್ನೆ ಆಫೀಸಿನ ಮೀಟಿಂಗಿನಲ್ಲಿ ಎದುರು ಕೂತಿದ್ದ ಸಹೋದ್ಯೋಗಿಯೊಬ್ಬ ನನ್ನ ಯಾವುದೋ ಮಾತಿಗೆ ತಲೆಯಾಡಿಸುತ್ತ "ರೈಟ್, ರೈಟ್" ಅಂದ. ಈ ದೇಶದಲ್ಲಿ ಹಾಗನ್ನುವುದು ನಮ್ಮಲ್ಲಿ ಹೂಂಗುಟ್ಟಿದ ಹಾಗೆ, ಅದಕ್ಕೆ ವಿಶೇಷ ಅರ್ಥವೇನಿಲ್ಲ. ಆದರೆ ನನ್ನ ಎರಡೂ ಕೈ ತಾವಾಗಿಯೇ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದವು. ಹಿಡಿದ ರಭಸಕ್ಕೆ ಲೋಟ ಉರುಳಿ, ಕಾಫಿ ಅವನ ಲ್ಯಾಪ್‌ಟಾಪಿನ ಕಡೆಗೆ ಹರಿಯಿತು. ಎಲ್ಲರೂ ಟಿಶ್ಯೂ ಹುಡುಕಿದರು. ನಾನು ಕ್ಷಮೆ ಕೇಳಿ, ಕಿಟಕಿಯ ಕೆಳಗೆ ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್ ಬಡಾವಣೆಯ ಬೀದಿಯಲ್ಲಿ ಟ್ರಾಮು ತನ್ನ ಹಳಿಯ ಮೇಲೆ ಸಮಾಧಾನವಾಗಿ ಹೋಗುವುದನ್ನು ನೋಡುತ್ತ ಕೂತೆ. ಹಳಿಯ ಮೇಲೆ ಹೋಗುವ ವಾಹನಕ್ಕೆ ಯಾರೂ ಎಡ ಬಲ ಹೇಳಬೇಕಿಲ್ಲ. ಎಂಥ ನೆಮ್ಮದಿಯ ಬಾಳು ಅನ್ನಿಸಿತು.

ಆ ಒಂದು ಪದದಿಂದ ಮೂರು ವಾರದ ಹಿಂದೆ ನಾನು ಮಗಳನ್ನೂ ಅತ್ತೆಯನ್ನೂ, ಅಂದರೆ ಹೆಂಡತಿಯ ತಾಯಿಯನ್ನೂ, ಹೊಳೆಯ ಪಾಲು ಮಾಡುವುದರಲ್ಲಿದ್ದೆ. ಮಾಡಲಿಲ್ಲ, ಇಬ್ಬರೂ ಕ್ಷೇಮ. ಅತ್ತೆ ಈ ಹೊತ್ತಿನಲ್ಲಿ ಕೆಳಗೆ ಹುಳಿಗೆ ಬೇಳೆ ಬೇಯಿಸುತ್ತಿದ್ದಾರೆ, ಕುಕ್ಕರಿನ ಸದ್ದು ಕೇಳುತ್ತಿದೆ. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಮುಂದಿನದನ್ನು ನೀವು ಗಾಬರಿಯಿಲ್ಲದೆ ಓದಬೇಕು. ಗಾಬರಿಯ ಕೆಲಸವನ್ನು ಎಲ್ಲರ ಪರವಾಗಿ ನಾನೊಬ್ಬನೇ ಮಾಡುತ್ತಿದ್ದೇನೆ.

ನಮ್ಮ ಮನೆ ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಹೆಂಡತಿ ಸುಮನಾ ರೆಂಟನ್ನಿನ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. ದಿನವಿಡೀ ಜೋಡಿಸಿ ಬಂದವಳಿಗೆ ಮನೆಯಲ್ಲಿ ಜೋಡಿಸಲು ಏನೂ ಇಲ್ಲವಲ್ಲ ಎಂಬ ಕೊರಗಿತ್ತೋ ಏನೋ, ಹೋದ ವರ್ಷ ಮಗಳಿಗಿಂತ ವಯಸ್ಸಾದ ಒಂದು ಫೋರ್ ವ್ಹೀಲ್ ಡ್ರೈವ್ ಗಾಡಿಯನ್ನು ತಂದು ಮನೆಯ ಮುಂದೆ ನಿಲ್ಲಿಸಿದಳು. ಚೌಕಟ್ಟಾದ, ಎತ್ತರದ, ಯಾವ ಗುಡ್ಡಕ್ಕೂ ಹೆದರದ ಮುಖದ ಗಾಡಿ.

"ಇದನ್ನ ಕ್ಯಾಂಪರ್ ಮಾಡ್ತೀನಿ ರೀ. ಕಾಡೊಳಗೆ ಹೋಗೋದು, ಅಲ್ಲೇ ಅಡುಗೆ ಮಾಡ್ಕೊಳೋದು, ಅಲ್ಲೇ ಮಲಗೋದು."

"ಮನೇಲೂ ಅದನ್ನೇ ಮಾಡ್ತಿದೀವಲ್ಲ," ಅಂದೆ.

ಅವಳು ಹಿಂದಿನ ಸೀಟಿನ ಬೋಲ್ಟು ಬಿಚ್ಚತೊಡಗಿದಳು.

ಅಲ್ಲಿಂದ ಎಂಟು ತಿಂಗಳು ನಮ್ಮ ಶನಿವಾರ ಭಾನುವಾರಗಳಿಗೆಲ್ಲ ಪ್ಲೈವುಡ್ಡಿನ ವಾಸನೆ. ಹಿಂದಿನ ಎರಡು ಸೀಟು ಹೋಗಿ ಮಂಚ ಬಂತು. ಮಂಚದ ಕೆಳಗೆ ಉದ್ದನೆಯ ಡ್ರಾಯರು ಬಂತು. ಹಿಂಬಾಗಿಲು ತೆಗೆದು ಎಳೆದರೆ ಅದರಲ್ಲಿ ಒಲೆ, ಸಿಂಕು, ಸಾಂಬಾರ ಡಬ್ಬ ಎಲ್ಲ ಸಾಲಾಗಿ ಹೊರಬರುತ್ತಿದ್ದವು. ಎರಡನೆಯ ಬ್ಯಾಟರಿ ಬಂತು, ಚಾವಣಿಗೆ ಸೋಲಾರ್ ಹಲಗೆ ಬಂತು, ಅದರ ಪಕ್ಕ ಬಿಚ್ಚಿದರೆ ಇಬ್ಬರು ಮಲಗುವ ಡೇರೆ ಬಂತು. ಮುಂದಿನ ಎರಡು ಸೀಟುಗಳ ನಡುವಿನ ಡಬ್ಬಿಯನ್ನು ಕಿತ್ತು, ಮಳೆಯಲ್ಲಿ ಹೊರಗಿಳಿಯದೆ ನೇರ ಮಂಚಕ್ಕೆ ನುಸುಳಲು ಒಂದು ಸಣ್ಣ ದಾರಿಯನ್ನೂ ಮಾಡಿದಳು. ಮುಂದಿನ ಬಂಪರಿಗೆ ವಿಂಚ್ ಕೂರಿಸಿದಳು. ವಿಂಚ್ ಅಂದರೆ ಹಗ್ಗ ಸುತ್ತಿಕೊಂಡು ಗಾಡಿಯನ್ನೇ ಎಳೆಯುವ ಮೋಟಾರು. "ಇದೇನು, ಬಾವಿಯಿಂದ ನೀರು ಸೇದ್ತೀಯಾ?" ಎಂದು ನಾನು ನಕ್ಕಿದ್ದೆ.

ಇಷ್ಟರಲ್ಲಿ ನನ್ನ ಪಾತ್ರವೇನೆಂದು ಕೇಳುತ್ತೀರಿ. ನಾನು ಹಿಡಿದುಕೊಳ್ಳುವವನು. ಹಲಗೆ ಹಿಡಿದುಕೊಳ್ಳುವುದು, ಟಾರ್ಚು ಹಿಡಿದುಕೊಳ್ಳುವುದು, ಅಳತೆ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಳ್ಳುವುದು. ಈ ಅಳತೆಯಲ್ಲೇ ಒಂದು ತೊಂದರೆಯಿತ್ತು. ನಮ್ಮ ಮಗಳು ಇಂಚರ, ಮನೆಯಲ್ಲಿ ಇಂಚು. ಗ್ಯಾರೇಜಿನಿಂದ ಸುಮನಾ "ಹದಿನೆಂಟು ಇಂಚು" ಎಂದು ಕೂಗಿದಾಗೆಲ್ಲ ಮಹಡಿಯ ಮೇಲಿಂದ "ವಾಟ್?" ಎಂದು ಉತ್ತರ ಬರುತ್ತಿತ್ತು. "ನಿನ್ನನ್ನಲ್ಲ ಕಣೇ." "ದೆನ್ ಡೋಂಟ್ ಕಾಲ್ ಮಿ." ಹದಿನೇಳು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅರ್ಥವಾಗುತ್ತದೆ ಎಂದು ನಾನು ತಿಳಿದುಕೊಂಡಿದ್ದೆ.

ಗಾಡಿ ಮುಗಿಯುವ ಹೊತ್ತಿಗೆ ಅತ್ತೆ ಮೈಸೂರಿನಿಂದ ಬಂದರು. ಗಾಡಿಯನ್ನು ಸುತ್ತ ನೋಡಿ "ಬಂಡಿ ಚೆನ್ನಾಗಿದೆ" ಎಂದು ಒಪ್ಪಿಗೆ ಕೊಟ್ಟು, ಡ್ರಾಯರಿನೊಳಗೆ ತಮ್ಮ ಕಲ್ಲಿನ ಕುಟ್ಟಾಣಿ ಇಟ್ಟರು. ವಿಮಾನದವಳು ಸುಮ್ಮನಿರುತ್ತಾಳೆಯೇ? ಅವಳಿಗೆ ಪ್ರತಿಯೊಂದು ಸ್ಕ್ರೂವಿಗೂ ತೂಕವಿದೆ.

"ಅಮ್ಮ, ಇದೊಂದೇ ಎರಡು ಕೆಜಿ ಇದೆ. ತೆಗಿ."

"ನಿನ್ನ ಗಂಡ ಎಂಬತ್ತು ಕೆಜಿ ಇದಾರೆ. ಅವರನ್ನ ಕರ್ಕೊಂಡು ಹೋಗ್ತಿಲ್ವೇನೆ?"

ಕುಟ್ಟಾಣಿ ಉಳಿಯಿತು. ನಾನೂ ಉಳಿದೆ.

ಹೊರಡುವ ಮೊದಲು ಸುಮನಾ ಮತ್ತು ಇಂಚು ಒಂದು ದಿನದ ತರಬೇತಿಗೆ ಹೋಗಿದ್ದರು, ಕೆಸರು ಕಲ್ಲುಗಳಲ್ಲಿ ಗಾಡಿ ಓಡಿಸುವುದನ್ನು ಕಲಿಸುವ ತರಬೇತಿ. ನಾನೂ ಹೋಗಿದ್ದೆ, ಆದರೆ ಮಳೆ ಹನಿಯುತ್ತಿತ್ತು. ನಾನು ಕೊಡೆಯ ಕೆಳಗೆ ಫ್ಲಾಸ್ಕಿನ ಕಾಫಿ ಕುಡಿಯುತ್ತ ಫೋನು ನೋಡುತ್ತಿದ್ದೆ. ಕಷ್ಟದ ಜಾಗದಲ್ಲಿ ಒಬ್ಬರು ಇಳಿದು ಮುಂದೆ ನಿಂತು ದಾರಿ ತೋರಿಸಬೇಕು, ಕೈಸನ್ನೆಯಲ್ಲೇ ತೋರಿಸಬೇಕು, ಬಾಯಲ್ಲಿ ಕೂಗಬಾರದು ಎಂದು ಅಲ್ಲಿ ಹೇಳಿಕೊಟ್ಟರಂತೆ. ನನಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ದಾರಿ ತೋರಿಸುವುದನ್ನು ನಾನು ಹತ್ತನೆಯ ವಯಸ್ಸಿನಲ್ಲೇ ಕಲಿತಿದ್ದೆ.

ನನ್ನ ಚಿಕ್ಕಪ್ಪ ಮೈಸೂರು ನಂಜನಗೂಡಿನ ನಡುವೆ ಓಡುತ್ತಿದ್ದ ಖಾಸಗಿ ಬಸ್ಸೊಂದರ ಕಂಡಕ್ಟರು. ಬೇಸಿಗೆ ರಜೆಯಲ್ಲಿ ಬಾಗಿಲ ಪಕ್ಕದ ಸೀಟು ನನ್ನದು. ಬಸ್ಸು ಹಿಂದಕ್ಕೆ ಬರುವಾಗ ಚಿಕ್ಕಪ್ಪ ಕೆಳಗಿಳಿದು "ಬರ್ಲಿ ಬರ್ಲಿ ಬರ್ಲಿ" ಎಂದು ರಾಗವಾಗಿ ಹೇಳುತ್ತಿದ್ದ. ನಿಲ್ಲಿಸಬೇಕಾದರೆ "ಹೋಲ್ಡಾನ್". ಎಲ್ಲರೂ ಹತ್ತಿದ ಮೇಲೆ ಬಸ್ಸಿನ ತಗಡಿಗೆ ಎರಡು ಸಲ ತಟ್ಟಿ "ರೈಟ್, ರೈಟ್". ಅಷ್ಟಾದರೆ ಡ್ರೈವರು ಹಿಂದೆ ತಿರುಗಿಯೂ ನೋಡದೆ ಹೊರಡುತ್ತಿದ್ದ. ಅವನ ಆ ನಂಬಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಐವತ್ತು ಜನರ ಬಸ್ಸು ಒಬ್ಬನ ಒಂದು ಮಾತಿನ ಮೇಲೆ ಹೊರಡುವುದೆಂದರೆ ಸಾಮಾನ್ಯವೇ? ಎಲ್ಲ ಸರಿಯಿದೆ, ದಾರಿ ಖಾಲಿಯಿದೆ, ಹೊರಡು ಎನ್ನುವ ಇಷ್ಟೂ ಅರ್ಥ ಆ ಒಂದು ರೈಟಿನಲ್ಲಿತ್ತು. ಅದರಲ್ಲಿ ಬಲಗಡೆ ಎನ್ನುವ ಅರ್ಥವೂ ಇದೆಯೆಂದು ಇಂಗ್ಲಿಷು ಓದಿ, ಇಂಜಿನಿಯರಿಂಗ್ ಮುಗಿಸಿ, ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ಗಾಡಿ ಓಡಿಸಿದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದು ತಲೆಗೆ, ಕೂಗುವುದು ಬಾಯಿ.

ಸಿಯಾಟಲ್‌ನಿಂದ ಪೂರ್ವಕ್ಕೆ, ಬೆಟ್ಟಗಳೊಳಗೆ ನಮ್ಮ ಮೊದಲ ಪಯಣ. ಹಿಂದಿನ ದಿನ ಡೇರೆಯ ಬೋಲ್ಟು ಬಿಗಿಯುವಾಗ ಸುಮನಾಳ ಮಣಿಕಟ್ಟು ಉಳುಕಿದ್ದರಿಂದ ಇಂಚು ಓಡಿಸುತ್ತಿದ್ದಳು. ಲೈಸೆನ್ಸು ಬಂದು ಆರು ತಿಂಗಳಾಗಿತ್ತು, ಸುಮನಾಳಿಗಿಂತ ನಿಧಾನವಾಗಿ, ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಸುಮನಾ, ನಾನು ಹಿಂದೆ ಮಂಚದ ಮೇಲಿದ್ದೆವು. ಡಾಂಬರು ಮುಗಿದು ಕಾಡಿನ ಮಣ್ಣುದಾರಿ ಸಿಕ್ಕ ಮೇಲೆ ನಾಲ್ಕು ಮೈಲಿ ಏನೂ ಆಗಲಿಲ್ಲ. ಆಮೇಲೆ ಒಂದು ಕಡೆ ಹೊಳೆ ದಾರಿಯ ಬಲ ಅಂಚನ್ನು ಕೊರೆದು ತಿಂದಿತ್ತು. ಎಡಕ್ಕೆ ಗುಡ್ಡ. ನಡುವೆ ಗಾಡಿಯಷ್ಟೇ ಅಗಲದ ದಾರಿ. ಮುಂದೆಯೂ ಹೀಗೇ ಇದೆಯೋ ನೋಡಿ ಬರುತ್ತೇನೆಂದು ಸುಮನಾ ಇಳಿದು ತಿರುವಿನಾಚೆ ನಡೆದಳು. ಅವಳು ಬರುವವರೆಗೆ ಕಾಯಬೇಕಿತ್ತು. ನಾನೂ ಇಳಿದು ಅಳೆದು ನೋಡಿದೆ, ಗಾಡಿಗೆ ಜಾಗವಿತ್ತು. ನಾನು ದಾಟಿ ಹೋಗಿ ಮುಂದೆ ನಿಂತು "ಬರ್ಲಿ" ಅಂದೆ.

ಇಂಚು ಬಂದಳು. ಪಕ್ಕದ ಸೀಟಿನಲ್ಲಿ, ಹೊಳೆಯ ಕಡೆಗೆ, ಅತ್ತೆ ಮಡಿಲಲ್ಲಿ ಕೈಚೀಲವಿಟ್ಟುಕೊಂಡು ಕೂತಿದ್ದರು. ಅರ್ಧ ದಾರಿಯಲ್ಲಿ ಇಂಚು ನಿಲ್ಲಿಸಿ, ಈಗೇನು ಎನ್ನುವಂತೆ ನನ್ನನ್ನು ನೋಡಿದಳು. ಎಲ್ಲ ಸರಿಯಿತ್ತು. ದಾರಿ ಖಾಲಿಯಿತ್ತು. ನಾನು ಎರಡು ಸಲ ಚಪ್ಪಾಳೆ ತಟ್ಟಿ "ರೈಟ್, ರೈಟ್" ಅಂದೆ.

ಅವಳು ಸ್ವಲ್ಪ ಬಲಕ್ಕೆ ತಿರುಗಿಸಿ ತಡೆದಳು. ಅನುಮಾನದಿಂದ ತಡೆದಿದ್ದಳು. ಹುಡುಗಿ ಹೆದರಿದ್ದಾಳೆ, ಧೈರ್ಯ ಹೇಳಬೇಕು ಅಂದುಕೊಂಡು ನಾನು ಇನ್ನೂ ಜೋರಾಗಿ "ರೈಟ್, ರೈಟ್" ಅಂದೆ. ಅವಳು ಅಪ್ಪನನ್ನು ನಂಬಿದಳು.

ಮಣ್ಣು ಕುಸಿದ ಸದ್ದು ದೊಡ್ಡದೇನಲ್ಲ, ಅಕ್ಕಿ ಮೂಟೆ ಕೆಳಗಿಟ್ಟ ಹಾಗೆ. ಮುಂದಿನ ಬಲ ಚಕ್ರ ಇಳಿಯಿತು. ಹಿಂದಿನ ಎಡ ಚಕ್ರ ನೆಲ ಬಿಟ್ಟು ಮೇಲೆದ್ದು ನಿಧಾನವಾಗಿ ಸುತ್ತಿತು. ಆ ಚಕ್ರವನ್ನೇ ನಾನು ಈಗಲೂ ನೋಡುತ್ತಿರುವುದು, ಹಲ್ಲುಜ್ಜುವಾಗ, ಹೈವೇಯಲ್ಲಿ, ಮೀಟಿಂಗಿನಲ್ಲಿ. ನನ್ನ ಬಾಯಿಂದ ಹೊರಟದ್ದು ಚಿಕ್ಕಪ್ಪನ ಇನ್ನೊಂದು ಮಾತು, "ಹೋಲ್ಡಾನ್". ಅದೃಷ್ಟಕ್ಕೆ ಆ ಮಾತು ಎರಡೂ ಕಡೆ ಹತ್ತಿರ ಹತ್ತಿರ ಒಂದೇ. ಇಂಚು ಬ್ರೇಕು ಒತ್ತಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ಗಾಡಿ ನಿಂತಿತು, ಹೊಳೆಯ ಕಡೆಗೆ ಬಾಗಿ.

ಸುಮನಾ ಓಡಿ ಬಂದಳು. ಅವಳು ಕೂಗಲಿಲ್ಲ. "ಇಂಚು, ಬ್ರೇಕಿಂದ ಕಾಲು ತೆಗೀಬೇಡ. ಅಮ್ಮ, ನೀನು ಬಾಗಿಲು ತೆಗೀಬೇಡ. ಸೀಟಿನ ಮಧ್ಯೆ ನುಸುಳಿ ಮಂಚಕ್ಕೆ ಹೋಗು, ಹಿಂದಗಡೆಯಿಂದ ಇಳಿ, ನಿಧಾನಕ್ಕೆ." ಆಮೇಲೆ ನನ್ನ ಕಡೆ ತಿರುಗಿದಳು. "ರೀ, ವಿಂಚಿನ ಹಗ್ಗ ಎಳ್ಕೊಂಡು ಹೋಗಿ, ಆ ಮರಕ್ಕೆ ಪಟ್ಟಿ ಸುತ್ತಿ ಕೊಕ್ಕೆ ಹಾಕಿ. ಮಾತಾಡ್ಬೇಡಿ."

ಗುಡ್ಡದ ಕಡೆಯ ದೊಡ್ಡ ಮರಕ್ಕೆ ಪಟ್ಟಿ ಸುತ್ತಿದೆ. ಎಂಟು ತಿಂಗಳು ಹಿಡಿದುಕೊಂಡೇ ಅಭ್ಯಾಸವಾಗಿದ್ದ ಕೈಗಳು ಒಂದು ಕೊಕ್ಕೆಯನ್ನು ಹಿಡಿದುಕೊಳ್ಳಲಾರದೆ ಎರಡು ಸಲ ಬೀಳಿಸಿದವು. ಹಗ್ಗ ಬಿಗಿಯಾಯಿತು. ಹಿಂಬಾಗಿಲಿನಿಂದ ಮೊದಲು ಕೈಚೀಲ ಬಂತು, ಆಮೇಲೆ ಸೀರೆಯ ಮೇಲೆ ಸ್ವೆಟರು ಹಾಕಿದ್ದ ಅತ್ತೆ ಮೊಣಕಾಲಿನ ಮೇಲೆ ಬಂದರು. ಸುಮನಾ ಅವರನ್ನು ಇಳಿಸಿಕೊಂಡು ಗುಡ್ಡದ ಕಡೆ ನಿಲ್ಲಿಸಿದಳು. ಇಂಚುವನ್ನೂ ಇಳಿಸಿಬಿಡೋಣ ಎಂದು ನಾನು ಕೈಯಲ್ಲೇ ಹೇಳಿದೆ. ಸುಮನಾ ಹಗ್ಗವನ್ನು ತಟ್ಟಿ ನೋಡಿ ಅದನ್ನೇ ಮಗಳಿಗೆ ಹೇಳಿದಳು. ಇಂಚು ಬೇಡವೆಂದು ತಲೆಯಾಡಿಸಿದಳು. ಅವಳು ಕಾಲು ತೆಗೆದು ಇಳಿಯುವುದಕ್ಕಿಂತ, ಹಗ್ಗ ಹಿಡಿದಿರುವಾಗಲೇ ಎಡಕ್ಕೆ ತಿರುಗಿಸಿ ಹತ್ತಿಸುವುದು ಮೇಲು ಎಂದು ತಾಯಿ ಮಗಳು ನಾಲ್ಕು ಮಾತಿನಲ್ಲಿ ತೀರ್ಮಾನಿಸಿದರು. ಸುಮನಾ ಮುಂದೆ ನಿಂತು ಕೈಯೆತ್ತಿದಳು. ವಿಂಚು ಎಳೆಯಿತು. ಗಾಡಿ ಒಂದೊಂದೇ ಗೇಣು ಎದ್ದು ದಾರಿಗೆ ಬಂತು.

ಇಂಚು ಇಳಿದು ನೇರ ನನ್ನ ಹತ್ತಿರ ಬಂದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಯು ಸೆಡ್ ರೈಟ್."

"ರೈಟ್ ಅಂದ್ರೆ ಹೋಗು ಅಂತ ಪುಟ್ಟ. ಬಸ್ಸಲ್ಲಿ ಕಂಡಕ್ಟರು..."

"ರೈಟ್ ಮೀನ್ಸ್ ಗೋ?"

"ಹೌದು."

"ಸೋ ವಾಟ್ ಮೀನ್ಸ್ ರೈಟ್?"

ಅತ್ತೆ ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸುತ್ತ "ನಂಗೆ ಅರ್ಥ ಆಗಿತ್ತಪ್ಪ" ಅಂದರು. "ಹೊರಡು ಅಂತಿದಾರೆ, ಇವಳ್ಯಾಕೆ ಈ ಕಡೆ ತಿರುಗಿಸ್ತಿದಾಳೆ ಅನ್ನಿಸ್ತು."

"ಮತ್ತೆ ಹೇಳೋದಲ್ವೇನಮ್ಮ?" ಸುಮನಾ ಕೇಳಿದಳು.

"ಡ್ರೈವರ್ ಹತ್ರ ಮಾತಾಡಬಾರದು ಅಂತ ಎಲ್ಲ ಬಸ್ಸಲ್ಲೂ ಬರೆದಿರ್ತಾರಲ್ಲೇ."

ಮೊದಲು ನಕ್ಕವಳು ಸುಮನಾ. ಆಮೇಲೆ ಎಲ್ಲರೂ ನಕ್ಕೆವು, ನಿಲ್ಲಿಸಲಾರದೆ, ದಾರಿಯಲ್ಲೇ ಕುಕ್ಕರುಗಾಲಲ್ಲಿ ಕೂತು. ಇಂಚು ಮಾತ್ರ ನಗುತ್ತ ನಗುತ್ತ ಅಳತೊಡಗಿದಳು. ವಾಪಸು ಬರುವಾಗ ಸುಮನಾ ಉಳುಕಿದ ಕೈಯಲ್ಲೇ ಓಡಿಸಿದಳು. ಇಂಚು ಹಿಂದೆ ಮಂಚದ ಮೇಲೆ ಅಜ್ಜಿಗೆ ಅಂಟಿಕೊಂಡಿದ್ದಳು.

ಅಂದಿನಿಂದ ಅವಳು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಶಾಲೆಗೆ ಬಸ್ಸು, ಗೆಳತಿಯ ಮನೆಗೆ ನಡಿಗೆ. ಕೋಪವೇನಿರಲಿಲ್ಲ, ನನ್ನೊಡನೆ ಮಾತು ನಗೆ ಎಲ್ಲ ಮೊದಲಿನಂತೆಯೇ. ಆದರೆ ಉಪ್ಪು ಕೊಡು ಎಂದರೂ ಒಂದು ಗಳಿಗೆ ತಡೆದು, ಉಪ್ಪೇ ತಾನೇ ಎನ್ನುವ ಹಾಗೆ ನೋಡಿ ಕೊಡುತ್ತಿದ್ದಳು. ಹೊಳೆಗಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು. ಆ ತಡೆಯುವಿಕೆ ಅಂದು ಇನ್ನೊಂದು ಗಳಿಗೆ ಇದ್ದಿದ್ದರೆ ಎಷ್ಟು ಚೆನ್ನಿತ್ತು. ಈಗ ಅದು ಹೋದರೆ ಸಾಕಾಗಿತ್ತು.

ನಿನ್ನೆ ಶನಿವಾರ, ಅಂದು ಜಜ್ಜಿಹೋಗಿದ್ದ ಗಾಡಿಯ ಮೆಟ್ಟುಹಲಗೆಯನ್ನು ಸುಮನಾ ಸರಿಮಾಡಿ ಮುಗಿಸಿದಳು. ಗಾಡಿ ಬೀದಿಯಲ್ಲಿತ್ತು, ಮನೆಯ ಮುಂದಿನ ಇಳಿಜಾರು ಹತ್ತಿಸಿ ಒಳಗೆ ತರಬೇಕು. ಎಡಕ್ಕೆ ಕಸದ ಡಬ್ಬಿಗಳು, ಬಲಕ್ಕೆ ಪಕ್ಕದ ಮನೆಯವರ ಹೂವಿನ ಪಾತಿಯ ಗಿಡ್ಡ ಗೋಡೆ. ಕೀಲಿ ಹಿಡಿದು ಇಂಚು ಹೊರಗೆ ಬಂದು ಅದನ್ನು ನನ್ನ ಕೈಗೆ ಕೊಟ್ಟಳು.

"ನೀನು ಓಡ್ಸು. ಐ ವಿಲ್ ಗೈಡ್."

ಹತ್ತಿ ಕೂತೆ. ಇಳಿಜಾರಿನಲ್ಲಿ ಗಾಡಿಯ ಮೂಗು ಮೇಲೆದ್ದಾಗ ಮುಂದಿನ ನೆಲವೇ ಕಾಣುವುದಿಲ್ಲವೆಂದು ನನಗೆ ಆಗ ಗೊತ್ತಾಯಿತು. ಕಾಣುವುದು ಮುಂದೆ ನಿಂತವರು ಮಾತ್ರ. ಇಂಚು ಕೈಯೆತ್ತಿದಳು. "ಬಾ," ಅಂದಳು. "ಬಾ. ಎಡಕ್ಕೆ. ನಿಲ್ಲು." ಅಜ್ಜಿಯಿಂದ ಕೇಳಿ ಕಲಿತಿದ್ದಳೆಂದು ಆಮೇಲೆ ತಿಳಿಯಿತು. ಪದಗಳನ್ನು ಬಿಡಿಬಿಡಿಯಾಗಿ, ಪರೀಕ್ಷೆಗೆ ಓದಿಕೊಂಡವಳಂತೆ ಹೇಳುತ್ತಿದ್ದಳು. ಆಮೇಲೆ "ಬಲಕ್ಕೆ" ಅಂದಳು. ನನ್ನ ಕೈ ಏಳಲಿಲ್ಲ. ಗೋಡೆ ಒಂದು ಮೊಳ ಎತ್ತರವೂ ಇಲ್ಲ, ಅದರಾಚೆ ಇರುವುದು ಹೂವು. "ಬಲಕ್ಕೆ, ಅಪ್ಪ," ಅಂದಳು ಮತ್ತೆ, ಮೆತ್ತಗೆ. ತಿರುಗಿಸಿದೆ. ಏನೂ ಕುಸಿಯಲಿಲ್ಲ.

ಎಂಜಿನ್ ಆರಿಸಿ ಇಳಿಯುವಷ್ಟರಲ್ಲಿ ಅವಳು ಬಾಗಿಲ ಹತ್ತಿರ ಬಂದು ಕೈ ಚಾಚಿದ್ದಳು. "ಈಗ ನಾನು. ನೀನು ಹೇಳು." ಗಾಡಿಯನ್ನು ಅವಳೇ ಬೀದಿಗಿಳಿಸಿ, ತಿರುಗಿಸಿ, ಇಳಿಜಾರಿನ ಬುಡದಲ್ಲಿ ನಿಲ್ಲಿಸಿಕೊಂಡಳು. ನಾನು ಗ್ಯಾರೇಜಿನ ಮುಂದೆ ನಿಂತೆ. ಗಾಜಿನ ಹಿಂದೆ ಅವಳ ಮುಖ ಪುಟ್ಟದಾಗಿ ಕಾಣುತ್ತಿತ್ತು. ಅವಸರ ಮಾಡದೆ, ಹಾರ್ನು ಹಾಕದೆ, ನಾನು ಮಾತು ಆರಿಸಿಕೊಳ್ಳುವವರೆಗೂ ಕಾದಳು.

"ಬಾ," ಅಂದೆ.

ಬಂದಳು.