ಜಸಾಸಿಯದ ಚೆನ್ನೆಮಣೆ

ದೋಹಾದ ಉತ್ತರಕ್ಕೆ, ಜಸಾಸಿಯದ ಬೋಳು ಬಂಡೆಗಳ ಮೇಲೆ ಸ್ಟೆಲ್ಲಾಬಾಯಿ ಬಗ್ಗಿ ಬಗ್ಗಿ ಅಕ್ಷರ ಹುಡುಕುತ್ತಿದ್ದರು. ಮಂಗಳೂರಿನವರು, ಇಲ್ಲಿ ನರ್ಸ್. ದೋಹಾದ ಬಿನ್ ಮಹಮೂದ್ ಬಡಾವಣೆಯ ತಮ್ಮ ಮನೆಯಲ್ಲಿ ನನ್ನನ್ನು ಉಳಿಸಿಕೊಂಡವರು. ಈಜಿಪ್ಟ್ ಬಿಟ್ಟು ಹೊರಟ ಮೋಶೆಯ ಜನ ಮರುಭೂಮಿಯ ಕಲ್ಲುಗಳಲ್ಲಿ ಏನೋ ಕೊರೆದಿಟ್ಟಿದ್ದಾರೆಂದು ಯಾರೋ ಅವರಿಗೆ ಹೇಳಿದ್ದರು. ಇಗರ್ಜಿಯ ಗಂಟೆ ಕೇಳದ ಈ ಊರಿನಲ್ಲಿ ಅಂಥದ್ದೊಂದು ಕಲ್ಲನ್ನಾದರೂ ಮುಟ್ಟಬೇಕೆಂಬುದು ಅವರ ಆಸೆ.

"ಅವರು ಹೋದ ದಾರಿ ಇಲ್ಲಿಂದ ತುಂಬ ದೂರ, ಸ್ಟೆಲ್ಲಾಬಾಯಿ," ಎಂದೆ.

ಅವರು ಒಂದು ಬಂಡೆಯ ಮೇಲಿನ ಮರಳನ್ನು ಅಂಗೈಯಿಂದ ಸರಿಸಿದರು. ಎರಡು ಸಾಲು ಕುಳಿಗಳು ಕಂಡವು, ಸಾಲಿಗೆ ಏಳು.

"ಇಲ್ಲಿ ಬನ್ನಿ ಮಾರಾಯ್ರೆ. ಇದು ನಮ್ಮ ಚೆನ್ನೆಮಣೆ ಅಲ್ವಾ?"

ಹೌದು. ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾಗದೆ ನಾವು ಚಾವಡಿಯಲ್ಲಿ ಕೂತು ಆಡುವ ಆಟ, ಮಳೆಯೇ ಅಪರೂಪವಾದ ಈ ಬಂಡೆಯಲ್ಲಿ.

ಸ್ಟೆಲ್ಲಾಬಾಯಿ ಸಣ್ಣ ಕಲ್ಲುಗಳನ್ನು ಹೆಕ್ಕತೊಡಗಿದರು.

"ಮೋಶೆಯ ಜನ ಅಲ್ಲ ಅಂತ ಮಾತ್ರ ಹೇಳ್ಬೇಡಿ. ನಲ್ವತ್ತು ವರ್ಷ ಮರಳಲ್ಲಿ ನಡೆದವರು ಒಂದು ದಿನ ಆದ್ರೂ ಕೂತು ಆಡಿರ್ಲಿಕ್ಕಿಲ್ವಾ?"

ನಾನು ಎದುರು ಕೂತು, ನನ್ನ ಕಡೆಯ ಕುಳಿಗಳಿಗೆ ನಾಲ್ಕು ನಾಲ್ಕು ಕಲ್ಲು ಹಾಕಿದೆ.