ಮಾಟ್ಸೋ ಉಂಡೆಗೆ ಹೆಬ್ಬೆರಳು ಒತ್ತಿದ್ದು

ಫ್ರೆಂಡ್ಸ್, ಇವತ್ತು ಕೋಳಿ ಸೂಪಿಗೆ ಮಾಟ್ಸೋ ಉಂಡೆ ಮಾಡಿದೆ. ಯಹೂದಿಗಳ ಹುಳಿಯಿಲ್ಲದ ರೊಟ್ಟಿಯ ಪುಡಿಗೆ ಮೊಟ್ಟೆ ಹಾಕಿ ಮಾಡುವುದು. ಅಬುಧಾಬಿಯ ಹೋಟೆಲ್ ಕಿಚನ್ನಿನಲ್ಲಿದ್ದ ನನ್ನವಳು ಕಲಿತು ಬಂದದ್ದು. ಅವಳು ತೀರಿಕೊಂಡ ಮೇಲೆ ಮಗಳು ಸರಿಯಾಗಿ ಉಂಡಿಲ್ಲ. ಮೊದಲ ಬಾರಿ ಬಾಯಿಬಿಟ್ಟು ಕೇಳಿದ್ದು ಇದನ್ನೇ.

ನಮ್ಮ ಮಂಗಳೂರಿನ ಕೈಗೆ ಉಂಡೆ ಎಂದರೆ ಪುಂಡಿ. ಅಕ್ಕಿತರಿಯ ಆ ಕಡುಬಿಗೆ ಒತ್ತುವ ಹಾಗೆ ಇದಕ್ಕೂ ಬಿಗಿಯಾಗಿ ಹೆಬ್ಬೆರಳ ಗುಳಿ ಒತ್ತಿದೆ. ಬೆಂದ ಮೇಲೆ ಎಲ್ಲವೂ ಕಲ್ಲು.

"ಪಪ್ಪಾ, ಒತ್ತಿದ್ರಾ? ಮಮ್ಮಿ ಜೋರಾಗಿ ಮುಟ್ಲಿಕ್ಕೂ ಹೆದರ್ತಿದ್ಲು."

"ಥಿಯರಿ ಪಾಸ್ ಮಗಾ, ಪ್ರಾಕ್ಟಿಕಲ್ ಫೇಲ್."

ಮಗಳು ನಗಲಿಲ್ಲ. "ಇಟ್ಸ್ ಓಕೆ, ನಂಗೆ ಹಸಿವಿಲ್ಲ," ಎಂದು ರೂಮಿನ ಬಾಗಿಲು ಹಾಕಿಕೊಂಡಳು.

ಅವಳಮ್ಮನ ಹಾಗೆ ಎರಡು ಮಾತು ಬೈದಿದ್ದರೂ ಸಮಾಧಾನವಾಗುತ್ತಿತ್ತು. ಮಗಳಿಗೆ ನನ್ನನ್ನು ಬೈಯುವುದನ್ನು ಕಲಿಸದೆಯೇ ಹೋಗಿಬಿಟ್ಟಳು, ಮಾರಾಯ್ತಿ.